ಅಕ್ಕ ಓದಿದ್ದು, ನಾನು ಕೇಳಿದ್ದು

ಮಾರ್ಚ್ 2

ಅಕ್ಕನಿಗೆ,

ನೀನು ನನ್ನ ಫೋನು ಎತ್ತದೆ ಮೂರು ವರ್ಷವಾಯಿತು. ನಿನ್ನ ಹಟ ನನಗೇನು ಹೊಸದಲ್ಲ, ಅದಕ್ಕೇ ಈ ಕಾಗದ. ಲಕೋಟೆ ತರಲು ಅಂಚೆ ಕಚೇರಿಗೆ ಹೋದರೆ ಕಿಟಕಿಯಲ್ಲಿದ್ದವಳು, "ಹೋಗಿ ಮುಟ್ಟೋಕೆ ಎಂಟು ದಿನ ಆಗುತ್ತೆ. ಒಂದು ಮೆಸೇಜ್ ಹಾಕಬಾರ್ದಾ?" ಅಂದಳು. "ನಮ್ಮಕ್ಕ ಸುದ್ದಿ ಆರಿದ ಮೇಲೇನೇ ಮುಟ್ಟೋದು" ಅಂದೆ. ಅವಳು ನಗಲಿಲ್ಲ. ನೀನಾದರೂ ನಕ್ಕಿರುತ್ತೀಯ ಎಂದುಕೊಂಡಿದ್ದೇನೆ.

ನನ್ನ ಕಥೆಯ ಚಾನೆಲ್ ವಿಷಯವನ್ನು ಕಾಜಾ ಅಕ್ಕ ನಿನ್ನ ಕಿವಿಗೆ ಹಾಕಿಯೇ ಇರುತ್ತಾಳೆ. ಹೊಲಿಗೆ ಮನೆಯ ಹಿಂದಿನ ಸಾಲಿನಲ್ಲಿ ಅಂಗಿಗಳ ಗುಂಡಿ ತೂತಿಗೆ ಕಾಜಾ ಹಾಕುತ್ತಾ ಅವಳು ಒಂದು ಭಾಗವನ್ನೂ ಬಿಡದೆ ಕೇಳುತ್ತಾಳೆ. ದಿನಾ ಮಧ್ಯಾಹ್ನ ಎರಡು ಗಂಟೆಗೆ, ನೀನು ಹೊಲಿಯುವವರಿಗೆ ಕಥೆ ಓದಲು ಕೂರುತ್ತಿದ್ದ ಅದೇ ಹೊತ್ತಿಗೆ, ನಾನು ಬಟ್ಟೆಯ ಬೀರುವಿನೊಳಗೆ ಕೂತು ಬಾಗಿಲು ಎಳೆದುಕೊಳ್ಳುತ್ತೇನೆ. ನಗಬೇಡ. ಕೋಟುಗಳ ನಡುವೆ ಕೂತರೆ ರಸ್ತೆಯ ಸದ್ದು ಒಳಗೆ ಬರುವುದಿಲ್ಲ. ಮಂಡಿಯ ಮೇಲೆ ಫೋನು ಇಟ್ಟುಕೊಂಡು ಬಾಯಿ ಬಿಟ್ಟರೆ ಸಾಕು, ಆ ಮಾತು ಆಗಲೇ ನಲವತ್ತು ಸಾವಿರ ಜನರ ಕಿವಿಯಲ್ಲಿರುತ್ತದೆ. ಬಸ್ಸಿನಲ್ಲಿ ಕಂಬ ಹಿಡಿದು ನಿಂತವರು, ಪಾತ್ರೆ ತೊಳೆಯುವವರು, ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವವರು. ಒಬ್ಬ ಲಿಫ್ಟಿನವನು ಬರೆದಿದ್ದ: "ದಿನಕ್ಕೆ ಇನ್ನೂರು ಸಲ ಮೇಲೆ ಕೆಳಗೆ ಹೋಗ್ತೀನಿ. ನಿಮ್ಮ ಗೋಪುರದ ಮೆಟ್ಟಿಲು ಹತ್ತಿದಾಗ ಮಾತ್ರ ಎಲ್ಲಿಗೋ ಹೋದ ಹಾಗಿರುತ್ತೆ."

ಹೌದು, ಗೋಪುರದ ಕಥೆಯೇ. ಕಡಲ ತುದಿಯ ಗೋಪುರದಲ್ಲಿ ಒಬ್ಬಳೇ ಕೂತು ಹಡಗುಗಳಿಗೆ ದೀಪ ಕಾಯುವ ದೀಪದಾಕೆಯ ಕಥೆ. ಎರಡನೇ ಸಾಲಿನಲ್ಲಿ ಕೂತು ತೋಳು ಹೊಲಿಯುತ್ತಾ ನಿನ್ನ ಬಾಯಿಂದ ನಾನು ಕೇಳಿದ್ದು. ನಾನು ಶುರು ಮಾಡುವ ರೀತಿ ನಿನಗೆ ಗೊತ್ತೇ ಇದೆ, ಅದರ ಬಗ್ಗೆ ಬೇಜಾರಿಲ್ಲ ತಾನೆ? ಒಂದೇ ತೊಂದರೆ. ಒಂಬತ್ತು ವರ್ಷದ ಹಿಂದೆ ಮದುವೆಯಾಗಿ ಹೊರಟಾಗ ಕಥೆ ಎಲ್ಲಿತ್ತೋ ಅಲ್ಲಿಗೆ ನನ್ನ ನೆನಪು ಮುಗಿಯುತ್ತದೆ: ಆಕೆ ಒಳಗಿನಿಂದ ಚಿಲಕ ಹಾಕಿಕೊಂಡಳು, ದೂರದಲ್ಲಿ ಒಂದು ಹಡಗು ಕಂಡಿತು. ಮುಂದೇನಾಯಿತು ಎಂದು ಕಾಜಾ ಅಕ್ಕನನ್ನು ಕೇಳಿದರೆ, "ನಮ್ಮ ಸಾಲಿಗೆ ಅಷ್ಟು ಸರಿಯಾಗಿ ಕೇಳಿಸ್ತಿರ್ಲಿಲ್ಲ ಕಣೆ" ಅಂದಳು.

ಆ ಕೆಂಪು ರಟ್ಟಿನ ಪುಸ್ತಕ ಕಳಿಸಿಕೊಡುತ್ತೀಯಾ? ಜೋಪಾನವಾಗಿ ವಾಪಸ್ ಮಾಡುತ್ತೇನೆ. ನನಗೆ ಕೊನೆ ಬೇಕು, ಅದೂ ಬೇಗ ಬೇಕು.

ನಿನ್ನ ಬಾಯಿಬಡುಕಿ

*

ಮಾರ್ಚ್ 14

ತಂಗಿಗೆ,

ನಿನ್ನ ಕಾಗದ ಹತ್ತು ದಿನಕ್ಕೆ ಮುಟ್ಟಿತು. ನಾನು ನಕ್ಕಿಲ್ಲ.

ಇಲ್ಲಿಯ ಸುದ್ದಿ ಕೇಳಿಲ್ಲ ನೀನು, ಆದರೂ ಹೇಳುತ್ತೇನೆ. ಹೊಲಿಗೆ ಮನೆಯಲ್ಲಿ ಈಗಲೂ ನಲವತ್ತೆರಡು ಮಷಿನ್ನು, ನಲವತ್ತೆರಡು ಹೆಂಗಸರು. ಮಧ್ಯದ ಕಂಬದ ಹತ್ತಿರ ನನ್ನ ಎತ್ತರದ ಕುರ್ಚಿ ಇತ್ತಲ್ಲ, ಅಲ್ಲೀಗ ನೀರಿನ ಕ್ಯಾನು ನಿಂತಿದೆ. ಗೋಡೆ ಪಕ್ಕದ ಮೇಜಿನ ಮೇಲೆ ನಾನು ಗುಂಡಿ ಆರಿಸುತ್ತೇನೆ. ಎರಡು ಕಣ್ಣಿನದು ಒಂದು ಡಬ್ಬಕ್ಕೆ, ನಾಲ್ಕು ಕಣ್ಣಿನದು ಇನ್ನೊಂದಕ್ಕೆ, ಮುರಿದದ್ದು ಕಸಕ್ಕೆ. ಇಪ್ಪತ್ತೆರಡು ವರ್ಷ ಆ ಮನೆಗೆ ಕಥೆ ಓದಿದವಳಿಗೆ ಯಜಮಾನರು ದಯಪಾಲಿಸಿದ ಕೆಲಸ.

ನೀನು ಕೊನೆಯ ಸಲ ಬಂದ ದಿನ ನಿನಗೆ ನೆನಪಿರಬೇಕು. ಕೈಚೀಲದ ತುಂಬ ಪೊಟ್ಟಣ ತಂದು ಒಬ್ಬೊಬ್ಬರಿಗೂ ಹಂಚಿದೆ, ಕಿವಿಗೆ ಚುಚ್ಚಿಕೊಳ್ಳುವ ವೈರುಗಳು. ನನ್ನ ಕುರ್ಚಿಯ ಮೇಲೂ ಒಂದು ಇಟ್ಟಿದ್ದೆ. ನಾನು ಎದ್ದು ಹೋದೆ. ಮರುದಿನ ಎರಡು ಗಂಟೆಗೆ ಎಂದಿನಂತೆ "ಕೇಳ್ತಿದ್ದೀರಾ?" ಅಂದೆ. ಅದಕ್ಕೆ ಅವರು ಕೊಡುತ್ತಿದ್ದ ಉತ್ತರ ನಿನಗೆ ಗೊತ್ತು, ಕತ್ತರಿಯಿಂದ ಹಲಗೆಗೆ ಒಂದು ಏಟು. ಅಂದು ಒಂದೂ ಕತ್ತರಿ ಕುಟ್ಟಲಿಲ್ಲ. ಒಬ್ಬಳು ಹಾಡು ಕೇಳುತ್ತಿದ್ದಳು, ಒಬ್ಬಳು ಅಡುಗೆಯ ಮಾತು, ಇನ್ನೊಬ್ಬಳು ಯಾರದೋ ಜಗಳ ಕೇಳಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಹನ್ನೊಂದು ದಿನ ಫ್ಯಾನಿಗೆ ಕಥೆ ಓದಿದೆ. ಕೊನೆಯನ್ನೂ ಫ್ಯಾನಿಗೇ ಓದಿದೆ. ಹನ್ನೆರಡನೆಯ ದಿನ ಯಜಮಾನರು ಕುರ್ಚಿ ತೆಗೆಸಿದರು.

ಪುಸ್ತಕ ಹಳೆಯದು, ಅಂಚೆಯ ಹೊಡೆತ ತಡೆಯುವುದಿಲ್ಲ. ನಾನೇ ನಕಲು ಮಾಡಿ ಭಾಗ ಭಾಗವಾಗಿ ಕಳಿಸುತ್ತೇನೆ. ಈ ಲಕೋಟೆಯಲ್ಲಿ ನಿನ್ನ ನೆನಪು ನಿಂತಲ್ಲಿಂದ ಮುಂದಿನ ಆರು ಇವೆ. ಇನ್ನೊಂದು ಮಾತು, ಕಾಜಾ ಅಕ್ಕನಿಗೆ ನಿನ್ನ ಸುದ್ದಿ ನನ್ನ ಮುಂದೆ ಎತ್ತಬೇಡ ಎಂದು ಆಗಲೇ ಹೇಳಿದ್ದೇನೆ. ನೀನೂ ಅವಳ ಕೈಲಿ ಏನೂ ಹೇಳಿ ಕಳಿಸಬೇಡ.

ಅಕ್ಕ

*

ಮಾರ್ಚ್ 14 (ಅಂಚೆಗೆ ಹಾಕದ್ದು)

ಕಳ್ಳಿಗೆ,

ಒಂದು ಕಾಗದ ಲಕೋಟೆಗೆ ಹೋಯಿತು. ಇದು ಗುಂಡಿಯ ಡಬ್ಬದ ತಳಕ್ಕೆ.

ಕೆಂಪು ಪುಸ್ತಕ ಬೇಕಂತೆ. ಈಗ ಅದು ನನ್ನ ಮುಂದೆಯೇ ಇದೆ. ಅರವತ್ತನಾಲ್ಕು ಪುಟ. ಮೊದಲ ಪುಟದಲ್ಲಿ ಸೂಜಿ ಹಾಕುವ ವಿಧಾನ, ಒಂಬತ್ತರಲ್ಲಿ ಎಣ್ಣೆ ಬಿಡುವ ತೂತುಗಳ ಚಿತ್ರ, ಕೊನೆಯಲ್ಲಿ ಬೆಲ್ಟು ಕಡಿದರೆ ಏನು ಮಾಡಬೇಕೆಂಬ ಸೂಚನೆ. ಹೊಲಿಗೆ ಮಷಿನ್ನಿನ ಜೊತೆಗೆ ಬಂದ ಪುಸ್ತಕ. ಯಜಮಾನರ ತಾಯಿ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದಾಗ ಒಂದೇ ಕಟ್ಟಳೆ ಹಾಕಿದ್ದರು: "ಅಚ್ಚಾದ ಪುಸ್ತಕ ಕೈಯಲ್ಲಿರಬೇಕು. ಬಾಯಿಗೆ ಬಂದಿದ್ದು ಹೇಳೋದಾದ್ರೆ ನೀನ್ಯಾಕೆ, ಅವರೇ ಹರಟೆ ಹೊಡ್ಕೋತಾರೆ." ಕೊಟ್ಟ ಪುಸ್ತಕಗಳೆಲ್ಲ ನಾಲ್ಕು ವರ್ಷಕ್ಕೆ ಮುಗಿದವು. ಆಮೇಲಿನ ಹದಿನೆಂಟು ವರ್ಷ ಎಣ್ಣೆಯ ತೂತುಗಳ ಚಿತ್ರದ ಮೇಲೆ ಬೆರಳಾಡಿಸುತ್ತಾ ಕಥೆ ಕಟ್ಟಿದವಳು ನಾನು. ಗೋಪುರ ನನ್ನದು, ಕಡಲು ನನ್ನದು. ಒಡಹುಟ್ಟಿದ ನಿನಗೂ ಹೇಳಲಿಲ್ಲ. ನಿನ್ನ ಬಾಯಿ ನಿಲ್ಲುವುದಿಲ್ಲ ಎಂದು ಹೇಳಲಿಲ್ಲ.

ಮೊದಲು ನನ್ನ ಕಿವಿಗಳನ್ನು ಕಿತ್ತುಕೊಂಡೆ, ನಲವತ್ತೆರಡು ಜೊತೆ. ಆಮೇಲೆ ಕಥೆ ತೆಗೆದುಕೊಂಡೆ. ಎರಡು ಗಂಟೆ ಎಂಬ ಹೊತ್ತನ್ನೂ ಬಿಡಲಿಲ್ಲ. ನನ್ನ ಬಾಯಿಂದ ಕೇಳಲು ಬೇಜಾರಾದದ್ದು ನಿನ್ನ ಬಾಯಿಂದ ಕಾಜಾ ಅಕ್ಕನಿಗೆ ಜೇನಾಯಿತು. ಇಷ್ಟು ವರ್ಷ ಕೇಳಿಸಿಕೊಂಡು ಈಗ 'ಕೇಳಿಸ್ತಿರ್ಲಿಲ್ಲ' ಅಂತಾಳೆ, ಮುಖ ಉಳಿಸಿಕೊಳ್ಳಲು. ಅದನ್ನು ನೀನು ಕಾಗದದಲ್ಲಿ ಬರೆದು ನನಗೆ ಚುಚ್ಚುತ್ತೀಯ. ಶುರು ಮಾಡುವ ರೀತಿ ಗೊತ್ತೇ ಇದೆಯಂತೆ. ಯಾಕೆ ಗೊತ್ತಿರಬೇಕು? ನಾನು ಸತ್ತರೂ ಆ ವೈರನ್ನು ಕಿವಿಗೆ ಹಾಕುವವಳಲ್ಲ.

ನಿನಗೆ ಓದುವುದನ್ನು ಕಲಿಸಿದವಳು ನಾನು. ಮೊದಲ ಪಾಠ ನೆನಪಿದೆಯೇ? "ಬಾಯಿಗಿಂತ ಮುಂಚೆ ಕಣ್ಣು ಓಡಬಾರದು. ಮುಂದಿನ ಪುಟವನ್ನು ಮೊದಲೇ ನೋಡಿದವಳ ದನಿಯಲ್ಲಿ ಬೆರಗು ಇರಲ್ಲ. ಮತ್ತೆ, ಹಿಡಿದ ಭಾಗ ಮುಗಿಯೋವರೆಗೂ ನಿಲ್ಲಬಾರದು." ನಿನಗೆ ಅಂಟಿದ ಅಭ್ಯಾಸ ಬಿಡುವುದಿಲ್ಲ. ನೀನು ಈಗಲೂ ಹಾಗೇ ಓದುತ್ತೀಯ ಎಂದು ನನ್ನ ಮೇಲೆ ಆಣೆ ಇಟ್ಟು ಹೇಳಬಲ್ಲೆ.

ಕೊನೆ ಬೇಕು ತಾನೆ? ಕೊಡುತ್ತೇನೆ.

*

ಏಪ್ರಿಲ್ 9

ಅಕ್ಕ,

ಆರು ಭಾಗವೂ ಮುಗಿದವು. ಹಡಗಿನ ನಾವಿಕ ಗೋಪುರದ ಬಾಗಿಲು ಬಡಿದಾಗ ದೀಪದಾಕೆ ಒಳಗಿನಿಂದ, "ದೀಪ ಕಂಡಿತಲ್ಲ, ಮನುಷ್ಯಳನ್ನು ಯಾಕೆ ನೋಡಬೇಕು?" ಎಂದು ಕೇಳುತ್ತಾಳಲ್ಲ, ಆ ಸಾಲು ಓದಿ ನಾನೇ ಒಂದು ಕ್ಷಣ ಹಾಳೆಯಿಂದ ಕಣ್ಣೆತ್ತಿಬಿಟ್ಟೆ. ಅಷ್ಟಕ್ಕೇ ಕೇಳುವವರು ಹೆದರಿ, ನೆಟ್‌ವರ್ಕ್ ಹೋಯಿತೇ ಎಂದು ಕೇಳಿದರು.

ನೀನು ಕಲಿಸಿದಂತೆಯೇ ಓದುತ್ತೇನೆ. ನಿನ್ನ ಹಾಳೆಗಳನ್ನು ಮೊದಲೇ ನೋಡುವುದಿಲ್ಲ. ಬೀರುವಿನ ಬಾಗಿಲು ಎಳೆದು, ಗುಂಡಿ ಒತ್ತಿ, ಆಮೇಲೆ ಮಡಿಕೆ ಬಿಡಿಸುತ್ತೇನೆ. ನನ್ನ ಗಂಡ, "ತಪ್ಪಾದ್ರೆ ಏನ್ಮಾಡ್ತೀಯ, ಅಷ್ಟು ಜನ ಕೇಳ್ತಿರ್ತಾರೆ" ಅಂತಾರೆ. ಅಕ್ಕ ಬರೆದಿದ್ದರಲ್ಲಿ ತಪ್ಪಿರಲ್ಲ ಅಂತೀನಿ.

ನಿನ್ನ ಕಾಗದದಲ್ಲಿ ಆ ಹನ್ನೊಂದು ದಿನದ ವಿಷಯ ಓದಿ ಅನ್ನ ಸೇರಲಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ. ನೀನಾಗಿಯೇ ಓದು ಬಿಟ್ಟೆ ಎಂದಷ್ಟೇ ಕೇಳಿದ್ದೆ. ಆ ಪೊಟ್ಟಣಗಳ ವಿಷಯ ಕಾಗದದಲ್ಲಿ ಬರೆದರೆ ಸರಿಹೋಗುವುದಿಲ್ಲ, ಎದುರಿಗೆ ಕೂತು ಹೇಳಬೇಕು. ಕೂತು ಮಾತಾಡೋಣ, ಮಾತಾಡುವ ಹಾಗಿದ್ದರೆ.

ಗಂಟಲಲ್ಲಿ ಸ್ವಲ್ಪ ಕೆರೆತ, ಹೆಚ್ಚೇನಿಲ್ಲ. ಬಿಸಿನೀರು ಕುಡಿಯುತ್ತಾ ನಡೆಸುತ್ತಿದ್ದೇನೆ. ಆದರೆ ಜೂನ್ ಮೂವತ್ತರೊಳಗೆ ಕಥೆ ಮುಗಿಸಲೇಬೇಕು ಅಕ್ಕ. ಯಾಕೆಂದು ಕೇಳಬೇಡ. ದಯವಿಟ್ಟು ಬೇಗ ಬೇಗ ಕಳಿಸು.

ನೀನು ಕೇಳುತ್ತಿದ್ದೀಯ ಎಂದು ನನಗೆ ಗೊತ್ತು. ಕಾಜಾ ಅಕ್ಕನ ಪಕ್ಕ ನಿಂತು ಒಂದು ಕಿವಿಗಾದರೂ ಹಾಕಿಕೊಂಡಿರುತ್ತೀಯ. ಮೊದಲ ನಾಲ್ಕು ಪದ ಕೇಳಿದ ಮೇಲೆ ಸಿಟ್ಟು ಇಳಿದಿರಬೇಕು, ಇಲ್ಲದಿದ್ದರೆ ನಕಲು ಮಾಡಿ ಕಳಿಸುವಷ್ಟು ಒಳ್ಳೆಯವಳೇನಲ್ಲ ನೀನು.

ಬಾಯಿಬಡುಕಿ

*

ಏಪ್ರಿಲ್ 24

ನನ್ನ ಬಾಯಿಬಡುಕಿಗೆ,

ಇಗೋ, ಇನ್ನು ಹದಿನೆಂಟು ಭಾಗ. ಬರೆದು ಬರೆದು ಹೆಬ್ಬೆರಳು ಊದಿದೆ. ನಿನಗಾಗಿ ಅಲ್ಲದೆ ಇನ್ಯಾರಿಗೆ ಮಾಡಲಿ.

ಮೂವತ್ತನೆಯ ತಾರೀಖು ಎಂದಿದ್ದೀಯ. ಅಷ್ಟೊಂದು ಅವಸರ ಯಾಕೆ ಎಂದು ಕೇಳುವುದಿಲ್ಲ. ದೊಡ್ಡವರಾದವರಿಗೆ ದೊಡ್ಡ ಕೆಲಸಗಳಿರುತ್ತವೆ, ಮುಂದಿನ ಕಥೆ ಕಾದಿರಬಹುದು. ಗಂಟಲಿಗೆ ಉಪ್ಪುನೀರು ಹಾಕಿ ಮುಕ್ಕಳಿಸು. ಅಷ್ಟು ಮಾತಾಡಿದರೆ ಯಾವ ಗಂಟಲು ತಡೆದೀತು.

ಕೊನೆಯ ಭಾಗವನ್ನು ಮಾತ್ರ ಬೇರೆ ಲಕೋಟೆಯಲ್ಲಿ ಅಂಟು ಹಾಕಿ ಕಳಿಸುತ್ತೇನೆ. ಅದನ್ನು ನಿನ್ನ ಬೀರುವಿನೊಳಗೆ, ಎಲ್ಲರೂ ಕೇಳುತ್ತಿರುವಾಗಲೇ ಒಡೆಯಬೇಕು. ಅಲ್ಲಿಯವರೆಗೆ ಬೆಳಕಿಗೂ ಹಿಡಿಯಬಾರದು. ಓದಲು ಶುರು ಮಾಡಿದ ಮೇಲೆ ಕೊನೆಯ ಸಾಲಿನ ತನಕ ನಿಲ್ಲಬಾರದು. ಕಲಿಸಿದವಳಿಗೆ ಅಷ್ಟು ಮರ್ಯಾದೆ ಕೊಡುತ್ತೀಯಲ್ಲ?

ನಿನ್ನ ಅಕ್ಕ

*

ಜೂನ್ 6

ಅಕ್ಕ,

ಕೊಡುತ್ತೇನೆ. ಆಣೆ ಮಾಡಿದ್ದೇನೆ ಎಂದುಕೋ.

ಈಗ ಅರುವತ್ತು ಸಾವಿರ ಜನ. ದನಿ ದಪ್ಪವಾಗಿದೆ, ದೀಪದಾಕೆಗೆ ವಯಸ್ಸಾದ ಭಾಗಕ್ಕೆ ಸರಿಹೊಂದುತ್ತದೆ ಎಂದು ಕೇಳುವವರು ಹೊಗಳುತ್ತಿದ್ದಾರೆ. ನಾನು ನಟಿಸುತ್ತಿದ್ದೇನೆ ಎಂದುಕೊಂಡಿದ್ದಾರೆ, ಇರಲಿ. ನಡುವೆ ನಾಲ್ಕು ದಿನ ಓದಲಾಗಲಿಲ್ಲ. ಆಗ ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಬರೆಸಿದ್ದಳು: "ಕಣ್ಣು ಕಾಣೋದಿಲ್ಲ ಮಗಳೇ, ಎರಡು ಗಂಟೆ ಆಯ್ತು ಅಂತ ನಿನ್ನಿಂದಲೇ ಗೊತ್ತಾಗ್ತಿತ್ತು." ಇದು ನಿನಗೆ ಸೇರಬೇಕಾದ ಕಾಗದ, ಅದಕ್ಕೇ ಬರೆದೆ.

ಜುಲೈ ನಾಲ್ಕಕ್ಕೆ ನನಗೊಂದು ಕೆಲಸವಿದೆ. ಅದಕ್ಕಿಂತ ಮುಂಚೆ ಕೊನೆಯನ್ನು ನನ್ನ ಬಾಯಿಂದಲೇ ಓದಬೇಕೆಂಬುದೊಂದೇ ಆಸೆ. ಎರಡನೇ ಸಾಲಿನಲ್ಲಿ ಕೂತು ಎಷ್ಟು ವರ್ಷ ಕಾದಿದ್ದೆ ಆ ಕೊನೆಗೆ. ಮದುವೆಯ ಹಿಂದಿನ ದಿನ ನಿನ್ನನ್ನು ಕೇಳಿದ್ದೆ, ನೆನಪಿದೆಯಾ? "ಕೊನೆಗೆ ಅವಳು ಬಾಗಿಲು ತೆಗೀತಾಳಾ?" "ಪುಸ್ತಕದಲ್ಲಿದೆ, ಕಾಯಿ" ಅಂದಿದ್ದೆ ನೀನು.

ಕಾಯುತ್ತಿದ್ದೇನೆ.

ತಂಗಿ

*

ಜೂನ್ 18

ತಂಗಿಗೆ,

ಇದರೊಳಗೆ ಕೊನೆಯ ಲಕೋಟೆ ಇದೆ. ಮೂವತ್ತನೆಯ ತಾರೀಖು, ಎರಡು ಗಂಟೆಗೆ. ನಿನ್ನ ಕೆಲಸ ಚೆನ್ನಾಗಿ ನಡೆಯಲಿ.

ಅಕ್ಕ

*

(ಅದೇ ಕಾಗದದೊಳಗಿನ ಅಂಟು ಹಾಕಿದ ಲಕೋಟೆ)

ಕೊನೆಯ ಭಾಗ

ದೀಪದಾಕೆಗೆ ಒಬ್ಬ ತಂಗಿ ಇದ್ದಳು. ಇಷ್ಟು ದಿನ ಅವಳ ಮಾತು ಬರಲಿಲ್ಲ, ಯಾಕೆಂದರೆ ದೀಪದಾಕೆ ಅವಳನ್ನು ಎದೆಯಲ್ಲಿಟ್ಟುಕೊಂಡಿದ್ದಳು. ಒಂದು ದಿನ ಆ ತಂಗಿ ದೋಣಿ ತುಂಬ ಪುಟ್ಟ ಪುಟ್ಟ ಲಾಂದ್ರಗಳನ್ನು ತಂದಳು. ಹಡಗಿಗೊಂದು, ದೋಣಿಗೊಂದು, ತೆಪ್ಪಕ್ಕೊಂದು ನಗುನಗುತ್ತಾ ಹಂಚಿದಳು. ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು, ತನ್ನ ಮೂಗಿನ ಮುಂದಿನದಷ್ಟೇ ಕಾಣುವ ಬೆಳಕು. ಆಮೇಲೆ ಯಾರೂ ತಲೆಯೆತ್ತಲಿಲ್ಲ. ಒಂದೇ ದೀಪವನ್ನು ನೋಡುತ್ತಾ ಒಂದೇ ದಾರಿಯಲ್ಲಿ ಬರುತ್ತಿದ್ದ ಹಡಗುಗಳು ತಮ್ಮ ತಮ್ಮ ಲಾಂದ್ರ ಹಿಡಿದು ಒಂದೊಂದು ದಿಕ್ಕಿಗೆ ಹೋದವು. ದೀಪದಾಕೆ ಹನ್ನೊಂದು ದಿನ ಖಾಲಿ ಕಡಲಿಗೆ ದೀಪ ಹಿಡಿದಳು.

ಅಷ್ಟಕ್ಕೆ ತಂಗಿಯ ಹೊಟ್ಟೆ ತುಂಬಲಿಲ್ಲ. ಗೋಪುರ ಹತ್ತಿ ದೊಡ್ಡ ದೀಪದ ಎಣ್ಣೆಯನ್ನೇ ಬಸಿದು ತನ್ನ ಲಾಂದ್ರಗಳಿಗೆ ಸುರಿದುಕೊಂಡಳು. ಎಣ್ಣೆ ಯಾರದೆಂದು ಯಾರಿಗೂ ಹೇಳಲಿಲ್ಲ.

ಆ ತಂಗಿ ಯಾರು ಎನ್ನುತ್ತೀರಾ? ಈಗ ಈ ಸಾಲನ್ನು ನಿಮ್ಮ ಕಿವಿಯೊಳಗೆ ಓದುತ್ತಿರುವವಳೇ. ಕೆಂಪು ಪುಸ್ತಕ ಎಂಬುದು ಇಲ್ಲ. ಅದು ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುವುದನ್ನು ಹೇಳಿಕೊಡುವ ಪುಸ್ತಕ. ಈ ಕಥೆಯ ಒಂದೊಂದು ಮೆಟ್ಟಿಲನ್ನೂ ಕಟ್ಟಿದವಳು ಇವಳ ಅಕ್ಕ, ಈಗ ಗೋಡೆಗೆ ಮುಖ ಮಾಡಿ ಗುಂಡಿ ಆರಿಸುತ್ತಿದ್ದಾಳೆ. ಇವಳು ನಿಮಗೆ ಹೇಳಿದ್ದೆಲ್ಲ ಕದ್ದದ್ದು. ಕದ್ದ ಕಥೆ ಕದ್ದವಳ ಗಂಟಲಲ್ಲೇ ಹೂತುಹೋಗಲಿ. ಆ ಬಾಯಿಂದ ಇನ್ನೊಂದು ಮಾತು ಹೊರಡದಿರಲಿ.

ಕಥೆ ಮುಗಿಯಿತು. ಕಿವಿಯಿಂದ ತೆಗೆದು ಕೆಳಗಿಡಿ.

*

ಜುಲೈ 1

ತಂಗಿಗೆ,

ಆಣೆ ಉಳಿಸಿಕೊಂಡೆ. ಸಂತೋಷ.

ನಾನು ಕೇಳಲಿಲ್ಲ, ನೋಡಿದೆ. ಎರಡು ಗಂಟೆಗೆ ಗುಂಡಿಯ ಮೇಜನ್ನು ಬಿಟ್ಟು ಹಳೆಯ ಕಂಬದ ಹತ್ತಿರ ಹೋಗಿ ನಿಂತೆ. ನಲವತ್ತೆರಡು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಜನ ನಿನ್ನನ್ನೇ ಕೇಳುತ್ತಿದ್ದರು, ಅಷ್ಟೊಂದು ಎಂದು ನನಗೆ ಗೊತ್ತಿರಲಿಲ್ಲ. ಮೊದಲು ಮುಂದಿನ ಸಾಲಿನವಳ ಕಾಲು ನಿಂತಿತು. ಆಮೇಲೆ ಅವಳ ಪಕ್ಕದವಳದು. ಒಂದೊಂದೇ ಮಷಿನ್ನು ನಿಲ್ಲುತ್ತಾ ಬಂದು ಇಡೀ ಹೊಲಿಗೆ ಮನೆ ಸುಮ್ಮನಾಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಯಾವ ಓದಿಗೂ ಅದು ಹಾಗೆ ನಿಂತಿರಲಿಲ್ಲ. ಯಜಮಾನರು ಒಳಗಿಂದ ಓಡಿ ಬಂದು, "ಕರೆಂಟ್ ಹೋಯ್ತಾ?" ಎಂದು ಕೇಳಿದರು.

ಕಾಜಾ ಅಕ್ಕ ವೈರು ಕಿತ್ತು ನನ್ನನ್ನು ನೋಡಿದಳು. ಕತ್ತರಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿಕೊಂಡಳು. ನಾಚಿಕೆಯಾಗಿರಬೇಕು. ಆಗಲಿ.

ಖಾಲಿ ಮನೆಗೆ ಓದುವುದು ಹೇಗಿರುತ್ತದೆ ಎಂದು ನಿನಗೂ ಇನ್ನು ತಿಳಿಯುತ್ತದೆ. ಮನಸ್ಸು ಹಗುರವಾಗಿದೆ. ನಿನ್ನೆ ಹೊಟ್ಟೆ ತುಂಬ ಊಟ ಮಾಡಿದೆ. ಇನ್ನು ನಮ್ಮಿಬ್ಬರ ನಡುವೆ ಬಾಕಿ ಏನೂ ಇಲ್ಲ.

ಅಕ್ಕ

*

ಜುಲೈ 30

ಅಕ್ಕನಿಗೆ,

ಓದಿದೆ. 'ಈ ಸಾಲನ್ನು ಓದುತ್ತಿರುವವಳೇ' ಎಂಬಲ್ಲಿಗೆ ಬಂದಾಗ ನಿಲ್ಲಬಹುದಿತ್ತು. ಗುಂಡಿ ಒಂದು ಸಲ ಒತ್ತಿದ್ದರೆ ಸಾಕಿತ್ತು. ಹಿಡಿದ ಭಾಗ ಮುಗಿಯುವವರೆಗೂ ನಿಲ್ಲಬಾರದು ಎಂದು ಕಲಿಸಿದ್ದೆಯಲ್ಲ, ಅದಕ್ಕೆ ಓದಿದೆ. ಆ ಬಾಯಿಂದ ಇನ್ನೊಂದು ಮಾತು ಹೊರಡದಿರಲಿ ಎಂಬುದನ್ನೂ ಸ್ಪಷ್ಟವಾಗಿ ಓದಿದೆ.

ಅದು ನಡೆಯಿತು. ಗಂಟಲಲ್ಲಿ ಗಡ್ಡೆ ಇದೆ ಎಂದು ಫೆಬ್ರವರಿಯಲ್ಲೇ ತಿಳಿದಿತ್ತು. ಬೇಗ ತೆಗೆಸು ಎಂದು ವೈದ್ಯರು ಹೇಳುತ್ತಲೇ ಇದ್ದರು. ಕಥೆ ಮುಗಿಯಲಿ ಎಂದು ನಾನೇ ಮುಂದಕ್ಕೆ ಹಾಕಿದೆ. ಜುಲೈ ನಾಲ್ಕರಂದು ದನಿಪೆಟ್ಟಿಗೆಯನ್ನೇ ತೆಗೆದರು. ನಿನ್ನ ಹೊಟ್ಟೆ ತುಂಬಿದ ಕಾಗದ ಆಸ್ಪತ್ರೆಗೆ ಬಂತು. ಈಗ ನಾನು ಹಲಗೆಯ ಮೇಲೆ ಬರೆದು ನೀರು ಕೇಳುತ್ತೇನೆ. ಅಂದು ಓದಿದ ಮೇಲೆ ಯಾರ ಜೊತೆಗೂ ಮಾತಾಡಲಿಲ್ಲ, ನಾನು ಈ ಲೋಕದಲ್ಲಿ ಬಾಯಿಂದ ಆಡಿದ ಕೊನೆಯ ಮಾತು ನೀನು ಬರೆದುಕೊಟ್ಟದ್ದು.

ಹೇಳಬೇಕಾದ ಎರಡು ವಿಷಯ ಹೇಳಿ ಮುಗಿಸುತ್ತೇನೆ. ನಾನು ಮದುವೆಯಾಗಿ ಹೊರಟ ಕೂಡಲೇ ಹೊಸ ಮಷಿನ್ನುಗಳು ಬಂದವಲ್ಲ, ಆಮೇಲೆ ಹಿಂದಿನ ಎರಡು ಸಾಲಿಗೆ ನಿನ್ನ ಓದು ಕೇಳಿಸುತ್ತಲೇ ಇರಲಿಲ್ಲ. ನಿನಗೆ ನೋವಾಗುತ್ತದೆಂದು ಅವರು ಆರು ವರ್ಷ ಕೇಳಿಸದೆಯೇ ಕತ್ತರಿ ಕುಟ್ಟಿದರು. ಕಾಜಾ ಅಕ್ಕ ಮೆಟ್ಟಿಲ ಮೇಲೆ ನಿಂತು ಅಳುತ್ತಾ ನನಗೆ ಹೇಳಿದ್ದಳು. ಆ ವೈರುಗಳನ್ನು ತಂದದ್ದು ಅದಕ್ಕೆ, ನೀನು ಮಾತಾಡಿದ್ದು ಎಲ್ಲರ ಕಿವಿಗೂ ಮುಟ್ಟಲಿ ಎಂದು. ನಿನ್ನ ಕುರ್ಚಿಯ ಮೇಲೆ ಇಟ್ಟದ್ದು ಅವರಿಗೆ ಕೊಟ್ಟಂಥದಲ್ಲ. ನಾನು ಬಾಯಿ ತೆರೆಯುವ ಮೊದಲೇ ನೀನು ಎದ್ದು ಹೋದೆ. ನನ್ನ ಬಸ್ಸಿಗೆ ಹೊತ್ತಾಗಿತ್ತು, ಅದು ಯಾತಕ್ಕೆಂದು ಅವರಿಗೂ ಬಿಡಿಸಿ ಹೇಳಲಿಲ್ಲ.

ಎರಡನೆಯದು. ಒಂದನೆಯ ಭಾಗದಿಂದ ಕೊನೆಯ ಭಾಗದವರೆಗೂ ನಾನು ಪ್ರತಿದಿನ ಬಾಯಿ ತೆರೆದದ್ದು ಒಂದೇ ಮಾತಿನಿಂದ: "ಅಕ್ಕ ಓದಿದ್ದು, ನಾನು ಕೇಳಿದ್ದು." ಅರುವತ್ತು ಸಾವಿರ ಜನಕ್ಕೆ ನೀನು ಗೊತ್ತಿದ್ದೆ. ನಿನ್ನ ಕೈಯಲ್ಲಿದ್ದದ್ದು ಮಷಿನ್ನಿನ ಪುಸ್ತಕ ಎಂದು ಒಂದು ಸಲ ನನಗೆ ಹೇಳಿದ್ದರೆ 'ಓದಿದ್ದು' ಎಂಬುದನ್ನು ತೆಗೆದು 'ಕಟ್ಟಿದ್ದು' ಅನ್ನುತ್ತಿದ್ದೆ. ಒಂದು ಪದದ ವ್ಯತ್ಯಾಸ. ನೀನು ಕೇಳುತ್ತಿದ್ದೀಯ ಎಂದು ನಾನು ನಂಬಿದ್ದೆ. ಒಂದು ದಿನವೂ ಕೇಳಲಿಲ್ಲವೆಂದು ನಿನ್ನ ಕಾಗದದಿಂದಲೇ ಗೊತ್ತಾಯಿತು.

ಈಗ ನನ್ನ ಸರದಿ. ಎಲ್ಲ ಭಾಗಗಳನ್ನೂ ಅಳಿಸಿದ್ದೇನೆ. ಕೊನೆಯದೊಂದನ್ನು ಮಾತ್ರ ಬಿಟ್ಟಿದ್ದೇನೆ. ನಿನಗೆ ತಂಗಿಯ ದನಿ ಬೇಕೆನಿಸಿದ ದಿನ ಅದೊಂದೇ ಸಿಗುತ್ತದೆ, ಬೇಕಾದಷ್ಟು ಸಲ ಕೇಳು. ನಿಜವಾದ ಕೊನೆ ಕಳಿಸಬೇಡ. ಅವಳು ಬಾಗಿಲು ತೆಗೆದರೆ ನನಗೇನು, ತೆಗೆಯದಿದ್ದರೆ ನನಗೇನು. ನೀನು ಬರೆದ ಯಾವುದನ್ನೂ ಇನ್ನು ನಾನು ಒಡೆಯುವುದಿಲ್ಲ. ನಿನ್ನ ಕಥೆ ಕೇಳುವವರು ಇನ್ನು ಯಾರೂ ಇಲ್ಲ ಅಕ್ಕ.

*

ಆಗಸ್ಟ್ 20 (ಒಡೆಯದೆ ವಾಪಸ್ ಬಂದದ್ದು)

ನನ್ನ ಬಾಯಿಬಡುಕಿಗೆ,

ಹಾಗೆ ಕರೆಯಲು ಈಗ ನಾಲಿಗೆ ಹೊರಳುವುದಿಲ್ಲ. ಬೇರೆ ಹೆಸರು ನನಗೆ ಗೊತ್ತಿಲ್ಲ.

ನಿನ್ನ ಕಾಗದ ಬಂದ ದಿನ ಅಂದು ಒಡೆಯದೆ ತುರುಕಿಟ್ಟಿದ್ದ ಆ ಪೊಟ್ಟಣವನ್ನು ಗುಂಡಿಯ ಡಬ್ಬದ ಹಿಂದಿನಿಂದ ತೆಗೆದೆ. ಮೂರು ವರ್ಷದ ಧೂಳು. ಒಳಗೆ ಕಿವಿಯ ವೈರು ಇರಲಿಲ್ಲ. ರವಿಕೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೈಕು, ಗುಂಡಿಯಷ್ಟೇ ದೊಡ್ಡದು. ಜೊತೆಗೆ ನಿನ್ನ ಕೈಬರಹದ ಚೀಟಿ: 'ಮೆಲ್ಲಗೆ ಓದು, ಕೂಗಬೇಡ, ಗಂಟಲು ನೋಯುತ್ತೆ.' ನನ್ನ ಗಂಟಲಿನ ಬಗ್ಗೆ ಬರೆದಿದ್ದೆ.

ಕಾಜಾ ಅಕ್ಕನ ಮುಂದೆ ಹೋಗಿ ಕೈ ಚಾಚಿದೆ. ಜೂನ್ ಮೂವತ್ತರಿಂದ ನನ್ನ ಜೊತೆ ಅವಳು ಮಾತು ಬಿಟ್ಟಿದ್ದಾಳೆ. ಫೋನು ಕೊಟ್ಟು, ವೈರುಗಳನ್ನು ತಾನೇ ನನ್ನ ಕಿವಿಗೆ ಹಾಕಿದಳು. ಎರಡು ಗಂಟೆಯಾಗಿತ್ತು. ನೀನು ಬಂದೆ. ಅದು ಅಷ್ಟು ಹತ್ತಿರ ಬರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಚಿಕ್ಕವರಿದ್ದಾಗ ಒಂದೇ ಚಾದರದೊಳಗೆ ಮಲಗಿ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆಯಲ್ಲ, ಅಷ್ಟು ಹತ್ತಿರ. ಕೋಟು ಸರಿದ ಸದ್ದು ಕೇಳಿಸಿತು. ನೀನು ಉಸಿರು ಎಳೆದುಕೊಂಡದ್ದು ಕೇಳಿಸಿತು. "ಅಕ್ಕ ಓದಿದ್ದು, ನಾನು ಕೇಳಿದ್ದು" ಅಂದೆ. ಆಮೇಲೆ ಲಕೋಟೆ ಹರಿದ ಸದ್ದು.

ನನ್ನ ಹೆಂಗಸರು ನನ್ನನ್ನು ಬಿಟ್ಟು ಇದನ್ನು ಯಾಕೆ ಕಿವಿಗೆ ಹಾಕಿಕೊಂಡರೆಂದು ಆಗ ತಿಳಿಯಿತು. ನಾನು ಇಪ್ಪತ್ತೆರಡು ವರ್ಷ ನಲವತ್ತೆರಡು ಜನಕ್ಕೆ ಓದಿದೆ. ಒಬ್ಬಳಿಗೆಂದು ಯಾವತ್ತೂ ಓದಲಿಲ್ಲ.

ದಿನಾ ಕೇಳುತ್ತೇನೆ. ನೀನು ಬೇಕೆಂದದ್ದು ಅದೇ ತಾನೆ? ದಿನಾ ಎರಡು ಗಂಟೆಗೆ ಕೂತು ನನ್ನ ಶಾಪವನ್ನು ನಿನ್ನ ದನಿಯಲ್ಲಿ ಕೇಳುತ್ತೇನೆ. ನಾನು ಬರೆದ ಸಾಲು ಯಾವುದೂ ಇಷ್ಟು ಚೆನ್ನಾಗಿರಲಿಲ್ಲ, ಯಾರೂ ಇಷ್ಟು ಚೆನ್ನಾಗಿ ಓದಿರಲೂ ಇಲ್ಲ. ನನ್ನ ಸಿಟ್ಟು ಹೋಗಿಲ್ಲ. ಹೋಗಲು ಅದಕ್ಕೆ ಬೇರೆ ಮನೆ ಸಿಗುತ್ತಿಲ್ಲ, ನನ್ನ ಮೇಲೇ ತಿರುಗಿ ಕೂತಿದೆ. ಯಜಮಾನರು ಮೊನ್ನೆ ನೀರಿನ ಕ್ಯಾನು ಸರಿಸಿ ಕುರ್ಚಿ ಹಾಕಿಸಿದರು, "ಏನಾದ್ರೂ ಓದಮ್ಮ, ಎಲ್ಲರೂ ಕೇಳ್ತಿದ್ದಾರೆ" ಎಂದರು. ಹತ್ತಿ ಕೂತೆ, ಬಾಯಿ ತೆರೆದೆ. ಏನೂ ಬರಲಿಲ್ಲ, ಇಳಿದು ಗುಂಡಿಯ ಹತ್ತಿರ ಹೋದೆ.

ನಿಜವಾದ ಕೊನೆಯನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಫ್ಯಾನು ಬಿಟ್ಟರೆ ಇನ್ನು ಯಾರಿಗೂ ಅದು ಗೊತ್ತಿಲ್ಲ. ನೀನು ಒಡೆಯುವುದಿಲ್ಲ ಎಂದಿದ್ದೀಯ. ನಿನ್ನ ಹಟವೂ ನನ್ನದರ ತಂಗಿಯೇ, ಆದರೂ ಬರೆದೆ. ಮೊದಲು ಒಂದು ಮಾತು ಕೇಳುತ್ತೇನೆ, ಹಿಂದೆಲ್ಲ ಕೇಳುತ್ತಿದ್ದ ಹಾಗೆ.

ಕೇಳ್ತಿದ್ದೀಯಾ?

ಬಾಯಿ ಬೇಡ. ಕತ್ತರಿ ಒಂದು ಸಲ ಕುಟ್ಟು, ಸಾಕು.

ಅಕ್ಕ